ತನ್ನ ಗಣಿತವನ್ನು ಕೊಡಲೊಲ್ಲೆ ಎಂದ ಮೇಷ್ಟ್ರು

ಪುಣೆಯ ಹಿಂಜವಡಿಯಲ್ಲಿ ಸಂಜೆ ಆರಕ್ಕೆ ಆಫೀಸು ಬಿಟ್ಟರೆ ವಾಕಡ್ ದಾಟುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಆ ಒಂದು ಗಂಟೆ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ಓದುವುದು ನನ್ನ ರೂಢಿ. ಎರಡು ತಿಂಗಳಿಂದ ಓದುತ್ತಿರುವುದು ನಾರ್ಬರ್ಟ್ ವೀನರ್ ಎಂಬ ಗಣಿತದ ಮೇಷ್ಟ್ರ ಬಗ್ಗೆ. ಎಂಟೆಕ್ ಮಾಡುವಾಗ ಈ ಹೆಸರನ್ನು ನೂರಾರು ಸಲ ಬರೆದಿದ್ದೇನೆ. ಫೋನಿನ ಧ್ವನಿಯಲ್ಲಿ ಸೇರಿಕೊಂಡ ಗದ್ದಲವನ್ನು ತಗ್ಗಿಸುವುದು ನನ್ನ ಪ್ರಾಜೆಕ್ಟಿನ ವಿಷಯವಾಗಿತ್ತು; ಅದಕ್ಕೆ ಬಳಸಿದ್ದು ವೀನರ್ ಫಿಲ್ಟರ್. ಆಗ ಓಮ್, ವೋಲ್ಟ್ ಇದ್ದಂತೆ ಇದೂ ಒಂದು ಪದ ಅಷ್ಟೇ. ಅದರ ಹಿಂದೆ ಒಬ್ಬ ಮನುಷ್ಯನಿದ್ದ, ಆತ ಈ ಫಿಲ್ಟರಿನ ಕಾರಣಕ್ಕೇ ಒಂದು ಕಾಲದಲ್ಲಿ ದೊಡ್ಡ ಜಗಳ ಕಾದಿದ್ದ ಎಂಬುದು ಗೊತ್ತಿರಲಿಲ್ಲ. ನಮಗೆ ಪಾಠ ಹೇಳಿದವರೂ ಹೇಳಲಿಲ್ಲ, ಪರೀಕ್ಷೆಗೆ ಬರುವುದಿಲ್ಲವಲ್ಲ.

ವೀನರ್ ಹುಟ್ಟಿದ್ದು 1894ರ ನವೆಂಬರ್ 26ರಂದು, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಿನಲ್ಲಿ. ಅಪ್ಪ ಲಿಯೋ ವೀನರ್ ಆಗಿನ ರಷ್ಯಾ ಸಾಮ್ರಾಜ್ಯದ ಬಿಯಾಲಿಸ್ಟಾಕ್‌ನಿಂದ ಬಂದ ಯಹೂದಿ. ಮಧ್ಯ ಅಮೆರಿಕದಲ್ಲಿ ಸಸ್ಯಾಹಾರಿಗಳ ಒಂದು ಊರು ಕಟ್ಟಬೇಕೆಂಬ ಕನಸಿಟ್ಟುಕೊಂಡು ಹಡಗು ಹತ್ತಿದ್ದವ. ಊರು ಆಗಲಿಲ್ಲ. ಹತ್ತಾರು ಭಾಷೆ ಬಲ್ಲ ಆತ ಕೊನೆಗೆ ಹಾರ್ವರ್ಡ್‌ನಲ್ಲಿ ಸ್ಲಾವಿಕ್ ಭಾಷೆಗಳ ಪ್ರಾಧ್ಯಾಪಕನಾದ, ಟಾಲ್‌ಸ್ಟಾಯ್ ಕೃತಿಗಳನ್ನು 24 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದ. ಮಗನಿಗೆ ಅಪ್ಪನಿಂದ ಬಂದ ಸಸ್ಯಾಹಾರ ಕೊನೆಯವರೆಗೂ ಉಳಿಯಿತು.

ಅಪ್ಪನಿಂದ ಬಂದದ್ದು ಅದೊಂದೇ ಅಲ್ಲ. ಮಗನ ಓದನ್ನು ಲಿಯೋ ತನ್ನ ಕೈಗೇ ತೆಗೆದುಕೊಂಡ. ಮನೆಯಲ್ಲೇ ಪಾಠ, ಲೆಕ್ಕ ತಪ್ಪಿದರೆ ಕೂಗಾಟ. ಹುಡುಗನಿಗೆ ಎಂಟು ವರ್ಷವಾದಾಗ ಕಣ್ಣು ಕೆಡುತ್ತಿದೆ ಎಂದು ಡಾಕ್ಟರು ಆರು ತಿಂಗಳು ಪುಸ್ತಕ ಮುಟ್ಟಬಾರದೆಂದರು. ಪಾಠ ನಿಲ್ಲಲಿಲ್ಲ, ಬಾಯಿಪಾಠವಾಯಿತು ಅಷ್ಟೆ. ಬೀಜಗಣಿತವನ್ನು ಕಣ್ಣುಮುಚ್ಚಿ ಮನಸ್ಸಿನಲ್ಲೇ ಬಿಡಿಸುವುದನ್ನು ಹುಡುಗ ಕಲಿತದ್ದು ಆಗ. 11ನೇ ವಯಸ್ಸಿಗೆ ಹೈಸ್ಕೂಲು ಮುಗಿಯಿತು, 14ಕ್ಕೆ ಟಫ್ಟ್ಸ್ ಕಾಲೇಜಿನಿಂದ ಪದವಿ, 18ಕ್ಕೆ ಹಾರ್ವರ್ಡ್‌ನಿಂದ ಪಿಎಚ್‌ಡಿ. ಪತ್ರಿಕೆಗಳು ಬಾಲಮೇಧಾವಿ ಎಂದು ಬರೆದವು. ಅಪ್ಪ ಮಾತ್ರ, ಹುಡುಗ ಸಾಧಾರಣದವನೇ, ಎಲ್ಲ ತನ್ನ ತರಬೇತಿಯ ಫಲ ಎಂದು ಸಾರಿದ. ಅದನ್ನು ಮಗ ಓದಿದ. ಗೆದ್ದರೆ ಅಪ್ಪನದು, ಸೋತರೆ ತನ್ನದು ಎಂಬ ಲೆಕ್ಕ ಅವನ ಮನಸ್ಸಿಗೆ ಅಂಟಿಕೊಂಡಿತು. ಕೋಟಾ, ಹೈದರಾಬಾದಿನ ಕೋಚಿಂಗ್ ಸೆಂಟರುಗಳ ಜಾಹೀರಾತು ನೋಡುವಾಗೆಲ್ಲ ನನಗೆ ಈಗ ಈ ಅಪ್ಪ ನೆನಪಾಗುತ್ತಾನೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಸೆಲ್ ಮತ್ತು ಹಾರ್ಡಿ, ಜರ್ಮನಿಯ ಗಟಿಂಗೆನ್‌ನಲ್ಲಿ ಹಿಲ್ಬರ್ಟ್, ಹೀಗೆ ಅಂದಿನ ಘಟಾನುಘಟಿಗಳ ತರಗತಿಯಲ್ಲಿ ಕೂತು ಬಂದರೂ ಊರಿಗೆ ಮರಳಿದ ಮೇಲೆ ಕೆಲಸ ನಿಲ್ಲಲಿಲ್ಲ. ವಿಶ್ವಕೋಶಕ್ಕೆ ಲೇಖನ ಬರೆದ, ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ವರದಿಗಾರನಾದ, ಮೊದಲ ಮಹಾಯುದ್ಧದಲ್ಲಿ ಫಿರಂಗಿ ಗುಂಡು ಎಲ್ಲಿ ಬೀಳುತ್ತದೆಂಬ ಕೋಷ್ಟಕಗಳನ್ನು ಲೆಕ್ಕ ಹಾಕಿದ. 1919ರಲ್ಲಿ ಎಂಐಟಿ ಅವನನ್ನು ಗಣಿತದ ಅಧ್ಯಾಪಕನಾಗಿ ಸೇರಿಸಿಕೊಂಡಿತು. ಆಗ ಅಲ್ಲಿ ಗಣಿತ ವಿಭಾಗವೆಂದರೆ ಎಂಜಿನಿಯರಿಂಗ್ ಹುಡುಗರಿಗೆ ಲೆಕ್ಕ ಹೇಳಿಕೊಡುವ ಜಾಗ. ಮುಂದಿನ 45 ವರ್ಷ ಆತ ಅಲ್ಲೇ ಉಳಿದ. ನೀರಿನಲ್ಲಿ ತೇಲುವ ಕಣಗಳ ಅಡ್ಡಾದಿಡ್ಡಿ ಓಟವನ್ನು ಗಟ್ಟಿ ಗಣಿತಕ್ಕೆ ಇಳಿಸಿದ. ಇಂದು ಷೇರು ಪೇಟೆಯ ಲೆಕ್ಕಾಚಾರದವರೂ ಅದನ್ನು ವೀನರ್ ಪ್ರಕ್ರಿಯೆ ಎಂದೇ ಕರೆಯುತ್ತಾರೆ.

ಗುಂಡನೆ ಹೊಟ್ಟೆ, ದಪ್ಪ ಕನ್ನಡಕ, ಕುರುಚಲು ಗಡ್ಡ. ಎಂಐಟಿಯ ಉದ್ದುದ್ದ ಕಾರಿಡಾರುಗಳಲ್ಲಿ ಸುತ್ತುತ್ತ ಯಾರ ಕೋಣೆಗಾದರೂ ನುಗ್ಗಿ ತನ್ನ ಹೊಸ ಯೋಚನೆ ಹೇಳಿ ಹೋಗುತ್ತಿದ್ದ. ಸೆಮಿನಾರಿನಲ್ಲಿ ಗೊರಕೆ ಹೊಡೆಯುವುದು, ಎದ್ದೊಡನೆ ಸರಿಯಾದ ಪ್ರಶ್ನೆಯನ್ನೇ ಕೇಳುವುದು ಇವೆಲ್ಲ ಅವನ ಬಗ್ಗೆ ಇರುವ ಕಥೆಗಳು. ಮನೆ ಬದಲಿಸಿದ್ದನ್ನು ಮರೆತು ಹಳೆಮನೆಗೆ ಹೋಗಿ, ಬೀದಿಯಲ್ಲಿದ್ದ ಹುಡುಗಿಯನ್ನು ದಾರಿ ಕೇಳಿದರೆ ಅವಳು ಅವನ ಮಗಳೇ ಆಗಿದ್ದಳಂತೆ ಎಂಬ ಕಥೆಯನ್ನು ನೀವೂ ವಾಟ್ಸಾಪಿನಲ್ಲಿ ಬೇರೆ ಯಾರದೋ ಹೆಸರಿನಲ್ಲಿ ಓದಿರಬಹುದು. ಅಪ್ಪ ಮಕ್ಕಳನ್ನು ಮರೆಯುವವನಲ್ಲ ಎಂದು ಆ ಮಗಳೇ ಮುಂದೆ ಹೇಳಿದ್ದಳು.

ಎರಡನೇ ಮಹಾಯುದ್ಧ ಬಂತು. ವಿಮಾನ ಹೊಡೆಯುವ ಫಿರಂಗಿಗೆ ಒಂದು ತೊಡಕಿತ್ತು: ಗುಂಡು ಮೇಲೇರಲು ಹಲವಾರು ಸೆಕೆಂಡು ಬೇಕು, ಅಷ್ಟರಲ್ಲಿ ವಿಮಾನ ಬೇರೆಲ್ಲೋ ಇರುತ್ತದೆ. ಹಾಗಾಗಿ ವಿಮಾನ ಈಗ ಎಲ್ಲಿದೆ ಎಂಬುದಕ್ಕಿಂತ ಮುಂದೆ ಎಲ್ಲಿರುತ್ತದೆ ಎಂದು ಊಹಿಸಬೇಕು. ವೀನರ್ ಮತ್ತು ಜೂಲಿಯನ್ ಬಿಗೆಲೋ ಎಂಬ ಎಂಜಿನಿಯರ್ ಸೇರಿ ಈ ಊಹೆಯ ಗಣಿತ ಕಟ್ಟಿದರು. 1942ರಲ್ಲಿ ಅದು ಗುಪ್ತ ವರದಿಯಾಗಿ ಹಳದಿ ರಟ್ಟು ಹೊದ್ದು ಬಂತು. ಗಣಿತ ಎಷ್ಟು ಕಠಿಣವಾಗಿತ್ತೆಂದರೆ ಎಂಜಿನಿಯರುಗಳು ಅದಕ್ಕೆ ಹಳದಿ ಗಂಡಾಂತರ ಎಂದು ಅಡ್ಡಹೆಸರಿಟ್ಟರು. ಅದೇ ನನ್ನ ವೀನರ್ ಫಿಲ್ಟರ್. ಯಂತ್ರ ಯುದ್ಧಭೂಮಿಗೆ ಹೋಗಲೇ ಇಲ್ಲ; ಅದಕ್ಕಿಂತ ಸರಳವಾದ ವಿಧಾನಗಳೇ ಸಾಕಾಗಿದ್ದವು. ಆದರೆ ಆ ಕೆಲಸದಿಂದ ವೀನರ್‌ಗೆ ಬೇರೊಂದು ಹೊಳೆಯಿತು. ವಿಮಾನ ನಡೆಸುವ ಪೈಲಟ್, ಗುರಿಯಿಡುವ ಸೈನಿಕ, ಫಿರಂಗಿ ತಿರುಗಿಸುವ ಮೋಟರು ಎಲ್ಲವೂ ಮಾಡುವುದು ಒಂದೇ ಕೆಲಸ: ತಾನು ಮಾಡಿದ್ದರ ಫಲ ನೋಡಿ, ತಪ್ಪು ಅಳೆದು, ತಿದ್ದಿಕೊಳ್ಳುವುದು. ನಾವು ಲೋಟಕ್ಕೆ ಕೈ ಚಾಚುವಾಗಲೂ ಆಗುವುದು ಇದೇ. ಈ ತಿದ್ದುವಿಕೆ ಅತಿಯಾದರೆ ಯಂತ್ರ ಅತ್ತಿಂದಿತ್ತ ಓಲಾಡುತ್ತದೆ. ಹಾಗಾದರೆ ಮನುಷ್ಯರಲ್ಲೂ ಅಂಥ ಕಾಯಿಲೆ ಇರಬೇಕಲ್ಲ ಎಂದು ಮೆಕ್ಸಿಕೋದ ಶರೀರಶಾಸ್ತ್ರಜ್ಞ ಗೆಳೆಯ ಆರ್ತುರೋ ರೋಸೆನ್‌ಬ್ಲೂತ್‌ನನ್ನು ಕೇಳಿದರು. ಇದೆ, ಕಿರುಮೆದುಳಿಗೆ ಪೆಟ್ಟಾದವರು ವಸ್ತುವಿಗೆ ಕೈ ಚಾಚಿದರೆ ಕೈ ಹಾಗೇ ಓಲಾಡುತ್ತದೆ ಎಂಬ ಉತ್ತರ ಬಂತು. ಮೂವರೂ ಸೇರಿ 1943ರಲ್ಲಿ ಪ್ರಬಂಧ ಬರೆದರು. 1948ರಲ್ಲಿ ವೀನರ್ ಈ ಎಲ್ಲವನ್ನೂ ಸೈಬರ್ನೆಟಿಕ್ಸ್ ಎಂಬ ಪುಸ್ತಕವಾಗಿಸಿದ. ಹೆಸರು ದೋಣಿ ನಡೆಸುವ ಅಂಬಿಗನಿಗೆ ಗ್ರೀಕರು ಬಳಸುವ ಪದದಿಂದ ಬಂದದ್ದು. ಅರ್ಧ ಪುಸ್ತಕ ಸಮೀಕರಣಗಳೇ ಇದ್ದರೂ ಜನ ಮುಗಿಬಿದ್ದು ಕೊಂಡರು. ನಾವಿಂದು ಹೇಳುವ ಸೈಬರ್ ಎಂಬ ಪದದ ಮೂಲವೂ ಅದೇ.

ಅಷ್ಟರಲ್ಲಿ ಹಿರೋಷಿಮಾ ಆಗಿಹೋಗಿತ್ತು. ಯುದ್ಧ ಮುಗಿದರೂ ಎಂಐಟಿಯಂಥ ವಿಶ್ವವಿದ್ಯಾಲಯಗಳಿಗೆ ಸೇನೆಯ ಹಣ ಬರುವುದು ನಿಲ್ಲಲಿಲ್ಲ, ಹೆಚ್ಚುತ್ತಲೇ ಹೋಯಿತು. ಹೊಸ ಪ್ರಯೋಗಾಲಯಗಳೆಲ್ಲ ಅದರಿಂದಲೇ ಎದ್ದವು. ಸಹೋದ್ಯೋಗಿಗಳಿಗೆ ಸುಗ್ಗಿ. ಆಗ ವಿಮಾನ ಕಂಪನಿಯೊಂದರ ಸಂಶೋಧಕ ಹಳದಿ ರಟ್ಟಿನ ವರದಿಯ ಪ್ರತಿ ಬೇಕೆಂದು ವೀನರ್‌ಗೆ ಪತ್ರ ಬರೆದ. ಅವನ ಕೆಲಸ ಕ್ಷಿಪಣಿಗಳದ್ದು. ವೀನರ್ ಕೊಡಲಿಲ್ಲ. ಕೊಡದೆ ಸುಮ್ಮನಿರಲೂ ಇಲ್ಲ. ಆ ಉತ್ತರ 1947ರ ಜನವರಿಯ ಅಟ್ಲಾಂಟಿಕ್ ಮಾಸಪತ್ರಿಕೆಯಲ್ಲಿ ಅಚ್ಚಾಗುವಂತೆ ನೋಡಿಕೊಂಡ. ಗಣಿತ ಕಂಡುಹಿಡಿದವನಿಗೆ ಅದು ಯಾರ ಕೈ ಸೇರುತ್ತದೆ ಎಂದು ನೋಡುವ ಹೊಣೆಯೂ ಇದೆ, ನಿರಾಯುಧ ಜನರ ಮೇಲೆ ಬೀಳುವ ಆಯುಧಕ್ಕೆ ಹಾದಿಯಾಗುವುದನ್ನು ಇನ್ನು ಪ್ರಕಟಿಸುವುದಿಲ್ಲ ಎಂಬುದು ಅದರ ಸಾರ. ಆ ಬಳಿಕ ಸೇನೆಯ ದುಡ್ಡನ್ನು ಮುಟ್ಟದಿರಲು ನೋಡಿದ. ಇದರಲ್ಲಿ ಒಂದು ತಮಾಷೆಯೂ ಇದೆ. ವರದಿಯ ಪ್ರತಿಗಳು ಆಗಲೇ ಹಲವರ ಕೈಯಲ್ಲಿದ್ದವು, 1949ರಲ್ಲಿ ಅದೇ ಪುಸ್ತಕವಾಗಿ ಅಂಗಡಿಗೂ ಬಂತು. ಅಂದರೆ ವೀನರ್ ಕೊಡದಿದ್ದರಿಂದ ಒಂದು ಕ್ಷಿಪಣಿಯೂ ನಿಂತಿರಲಿಕ್ಕಿಲ್ಲ. ಇದು ಅವನಿಗೂ ಗೊತ್ತಿತ್ತೆಂದೇ ನನ್ನ ಎಣಿಕೆ. ಆದರೂ ಕೊಡಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅದರ ಮುಂದಿನ ಘಟನೆ. ತಾನೇ ಅಳೆದು ತಿದ್ದಿಕೊಳ್ಳುವ ಯಂತ್ರಗಳ ವಿಷಯದಲ್ಲಿ ಸಲಹೆ ಕೊಡಿ ಎಂದು ದೊಡ್ಡ ಉದ್ಯಮವೊಂದು ವೀನರ್‌ನನ್ನು ಕೇಳಿತು. ಒಪ್ಪಿದ್ದರೆ ಒಳ್ಳೆಯ ದುಡ್ಡು ಸಿಗುತ್ತಿತ್ತು. ಆತ ಮಾಡಿದ್ದೇ ಬೇರೆ: 1949ರ ಆಗಸ್ಟಿನಲ್ಲಿ ಮೋಟರು ಕಾರ್ಖಾನೆಗಳ ಕಾರ್ಮಿಕ ಸಂಘದ ಅಧ್ಯಕ್ಷ ವಾಲ್ಟರ್ ರಾಯ್ಥರ್‌ಗೆ ಪತ್ರ ಬರೆದ. ಆಳುಗಳಿಲ್ಲದ ಕಾರ್ಖಾನೆ ಬರಲಿದೆ, ನಿಮ್ಮವರ ಕೆಲಸ ಹೋಗಲಿದೆ, ಈಗಲೇ ತಯಾರಾಗಿ, ಈ ಯಂತ್ರಗಳ ಲಾಭದಲ್ಲಿ ಕಾರ್ಮಿಕರಿಗೂ ಪಾಲು ಬರುವಂತೆ ನೋಡಿ ಎಂದು ತಿಳಿಸಿದ. ನಿಮ್ಮನ್ನು ಬೆನ್ನಿಗೆ ಇರಿಯುವುದರಲ್ಲಿ ತಾನು ಪಾಲುದಾರನಾಗಲಾರೆ ಎಂಬ ಅರ್ಥದ ಮಾತೂ ಅದರಲ್ಲಿತ್ತು. ರಾಯ್ಥರ್ ತಂತಿ ಕಳಿಸಿದ, ಮುಂದೆ ಇಬ್ಬರೂ ಭೇಟಿಯಾದರು. 1950ರಲ್ಲಿ ವೀನರ್ ಇದೇ ವಿಷಯವನ್ನು ಸಾಮಾನ್ಯ ಓದುಗರಿಗೆಂದು ಇನ್ನೊಂದು ಪುಸ್ತಕ ಮಾಡಿದ. ಮೊದಲ ಕೈಗಾರಿಕಾ ಕ್ರಾಂತಿ ಮನುಷ್ಯನ ತೋಳಿನ ಬೆಲೆ ಇಳಿಸಿತು, ಎರಡನೆಯದು ತಲೆಯ ಬೆಲೆ ಇಳಿಸಲಿದೆ ಎಂಬುದು ಅವನ ವಾದ.

ಹೋದ ವರ್ಷ ನಮ್ಮ ತಂಡ ಇನ್‌ವಾಯ್ಸ್ ಓದುವ ಎಐ ತಂತ್ರಾಂಶ ಮಾಡಿತು. ಅದೇ ಇನ್‌ವಾಯ್ಸುಗಳನ್ನು ನಮ್ಮ ಕೆಳಗಿನ ಮಹಡಿಯಲ್ಲಿ ಕೂತು ಟೈಪ್ ಮಾಡುತ್ತಿದ್ದವರಲ್ಲಿ ಗದಗ ಕಡೆಯ ಹುಡುಗಿಯೊಬ್ಬಳಿದ್ದಳು. ಕ್ಯಾಂಟೀನಿನಲ್ಲಿ ನನ್ನ ಕನ್ನಡ ಕೇಳಿ ಪರಿಚಯವಾಗಿ, ಅಣ್ಣಾ ಎಂದು ಕರೆಯುತ್ತ, ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಿ ತಿನ್ನುತ್ತಿದ್ದಳು. ಅವರ ತಂಡವನ್ನು ಮುಚ್ಚುವ ಸುದ್ದಿ ನನಗೆ ಆರು ವಾರ ಮೊದಲೇ ಗೊತ್ತಿತ್ತು. ಹೇಳಲಿಲ್ಲ. ಕೊನೆಯ ದಿನ ಬಂದು, ಅದನ್ನು ಮಾಡಿದ್ದು ನೀವಂತಲ್ಲ ಅಣ್ಣಾ ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ಹೆಮ್ಮೆಯೇ ಇತ್ತು. ರಾಯ್ಥರ್‌ಗೆ ಬರೆದ ಪತ್ರದ ವಿಷಯ ಓದಿದ ಸಂಜೆ ನಾನು ಪುಸ್ತಕ ಮುಚ್ಚಿ ವಾಕಡ್‌ವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ವೀನರ್‌ನನ್ನು ದೇವರ ಕೋಣೆಯಲ್ಲಿಡುವ ಅಗತ್ಯವಿಲ್ಲ. ವಾಲ್ಟರ್ ಪಿಟ್ಸ್ ಎಂಬ ಬಡ ಹುಡುಗ, ವಾರೆನ್ ಮೆಕಲಕ್ ಎಂಬ ವೈದ್ಯನ ಜೊತೆ ಸೇರಿ 1943ರಲ್ಲಿ ನರಕೋಶಗಳ ಗಣಿತ ಬರೆದಿದ್ದ. ಇಂದಿನ ಎಐಯ ನ್ಯೂರಲ್ ನೆಟ್‌ವರ್ಕುಗಳ ಬೇರು ಆ ಪ್ರಬಂಧದಲ್ಲಿದೆ. ಪಿಟ್ಸ್‌ಗೆ ವೀನರ್ ತಂದೆಯಂತಿದ್ದ. ಆದರೆ 1950ರ ದಶಕದ ಆರಂಭದಲ್ಲಿ ಮನೆಯೊಳಗೆ ಕೇಳಿದ ದೂರೊಂದನ್ನು ನಂಬಿ ಆ ಇಡೀ ಗುಂಪಿನ ಜೊತೆ ಒಂದೇ ಏಟಿಗೆ ಸಂಬಂಧ ಕಡಿದುಕೊಂಡ, ಕಾರಣವನ್ನೂ ಹೇಳಲಿಲ್ಲ. ಪಿಟ್ಸ್ ಕುಡಿತಕ್ಕೆ ಬಿದ್ದ, ತನ್ನ ಬರವಣಿಗೆಯನ್ನು ಸುಟ್ಟ, 1969ರಲ್ಲಿ ಒಂಟಿಯಾಗಿ ಸತ್ತ. ಫಲ ನೋಡಿ ತಿದ್ದಿಕೊಳ್ಳುವುದರ ಮೇಲೆ ಶಾಸ್ತ್ರವನ್ನೇ ಬರೆದವನು ಇದನ್ನು ತಿದ್ದಿಕೊಳ್ಳಲಿಲ್ಲ. 1956ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆ ಎಂಬ ಹೊಸ ಹೆಸರಿನಲ್ಲಿ ಸಮಾವೇಶ ನಡೆದಾಗ ವೀನರ್ ಅಲ್ಲಿರಲಿಲ್ಲ. ಸೈಬರ್ನೆಟಿಕ್ಸ್ ಎಂದರೆ ವೀನರ್‌ನನ್ನು ಗುರುವೆಂದು ಒಪ್ಪಬೇಕು, ಇಲ್ಲವೇ ವಾದಕ್ಕಿಳಿಯಬೇಕು, ಎರಡೂ ಬೇಡವೆಂದೇ ಬೇರೆ ಹೆಸರು ಆರಿಸಿದೆ ಎಂದು ಆ ಹೆಸರಿಟ್ಟ ಜಾನ್ ಮೆಕಾರ್ಥಿ ಮುಂದೆ ಒಪ್ಪಿಕೊಂಡಿದ್ದಾನೆ. ಹೊಸ ವಿದ್ಯೆ ಸೇನೆಯ ಹಣದಲ್ಲೇ ಬೆಳೆಯಿತು.

ಡಾರ್ಟ್‌ಮತ್‌ಗೆ ಮುಂಚಿನ ತಿಂಗಳುಗಳಲ್ಲಿ ವೀನರ್ ಇದ್ದದ್ದು ನಮ್ಮ ದೇಶದಲ್ಲಿ. ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1955–56ರಲ್ಲಿ ಕಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅತಿಥಿ ಪ್ರಾಧ್ಯಾಪಕನಾಗಿದ್ದ. ಅಲ್ಲಿ ಅವನ ಜೊತೆ ಕೆಲಸ ಮಾಡಿದವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಗೋಪಿನಾಥ ಕಲ್ಯಾಣಪುರ. ಇನ್ನೊಬ್ಬರು ಮುಂಬಯಿಯ ಪೇಸಿ ಮಸಾನಿ. ಅದೇ ಊಹೆಯ ಗಣಿತವನ್ನು ವೀನರ್ ಜೊತೆ ಮುಂದುವರಿಸಿ, ಅವನ ಜೀವನಚರಿತ್ರೆಯನ್ನೂ ಬರೆದವರು. ಭಾರತ ಇಂಗ್ಲೆಂಡಿನ ಹಳೆಯ ಗಿರಣಿಗಳ ದಾರುಣ ಹಂತವನ್ನು ಹಾಯಲೇಬೇಕೆಂದಿಲ್ಲ, ನುರಿತ ತಂತ್ರಜ್ಞರನ್ನು ತಯಾರು ಮಾಡಿ ನೇರವಾಗಿ ಸ್ವಯಂಚಾಲಿತ ಕಾರ್ಖಾನೆಗೆ ಹೋಗಬಹುದು ಎಂದು ಆತ ಯೋಚಿಸಿದ್ದ. ಉಳಿದ ಕೋಟ್ಯಂತರ ಕೈಗಳಿಗೆ ಏನು ಕೆಲಸ? ರಾಯ್ಥರ್‌ಗೆ ಪತ್ರ ಬರೆದವನಿಗೆ ಇಲ್ಲಿ ಆ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲವೇಕೆ ಎಂಬುದು ನನಗಿನ್ನೂ ಬಗೆಹರಿದಿಲ್ಲ.

1960ರಲ್ಲಿ ಸೈನ್ಸ್ ಪತ್ರಿಕೆಗೆ ಬರೆದ ಲೇಖನದಲ್ಲಿ ಆತ ಕಲಿಯುವ ಯಂತ್ರಗಳ ವಿಷಯಕ್ಕೆ ಬಂದ. ನಾವು ಕೇಳಿದ್ದನ್ನು ಯಂತ್ರ ಅಕ್ಷರಶಃ ಕೊಡುತ್ತದೆ, ಮನಸ್ಸಿನಲ್ಲಿದ್ದದ್ದನ್ನಲ್ಲ. ತಪ್ಪು ತಿಳಿಯುವಷ್ಟರಲ್ಲಿ ತಡವಾಗಿರಬಹುದು ಎಂದು ಎಚ್ಚರಿಸಿದ. ಭಸ್ಮಾಸುರನ ಕಥೆ ಗೊತ್ತಿರುವ ನಮಗೆ ಇದು ಹೊಸದಲ್ಲ. 1961ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ಮಲಗಿದಲ್ಲೇ ಮೂಳೆ ವೈದ್ಯರ ಜೊತೆ ಮಾತಿಗಿಳಿದ: ಕೈ ಕಳೆದುಕೊಂಡವನ ಉಳಿದ ಸ್ನಾಯುಗಳ ವಿದ್ಯುತ್ ಸಂಕೇತವನ್ನೇ ಹಿಡಿದು ಕೃತಕ ತೋಳನ್ನು ಏಕೆ ಆಡಿಸಬಾರದು? ಆ ಮಾತುಕತೆಯಿಂದ ಹುಟ್ಟಿದ್ದು ಬಾಸ್ಟನ್ ಆರ್ಮ್ ಎಂಬ ತೋಳು. ಫಿರಂಗಿ ತಿರುಗಿಸಲು ಕಟ್ಟಿದ ಅದೇ ತಿದ್ದುವಿಕೆಯ ತತ್ವ ಅದರಲ್ಲಿತ್ತು.

ತೋಳು ಸಿದ್ಧವಾದದ್ದನ್ನು ಆತ ನೋಡಲಿಲ್ಲ. 1964ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಕೈಯಿಂದ ರಾಷ್ಟ್ರೀಯ ವಿಜ್ಞಾನ ಪದಕ ಪಡೆದು, ಪತ್ನಿ ಮಾರ್ಗರೆಟ್ ಜೊತೆ ಯುರೋಪಿಗೆ ಹೊರಟ. ಮಾರ್ಚ್ 18ರಂದು ಸ್ಟಾಕ್‌ಹೋಮ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಕುಸಿದುಬಿದ್ದ. ಆಗ 69 ವರ್ಷ. ಯಂತ್ರ ಮತ್ತು ಧರ್ಮದ ಬಗ್ಗೆ ಬರೆದ ಅವನ ಕೊನೆಯ ಸಣ್ಣ ಪುಸ್ತಕ ಅದೇ ವರ್ಷ ಹೊರಬಂತು. ಅದಕ್ಕೆ ಮರುವರ್ಷ ನ್ಯಾಷನಲ್ ಬುಕ್ ಅವಾರ್ಡ್ ಸಿಕ್ಕಿತು. ನಾನೀಗ ಆ ಪುಸ್ತಕದ ಅರ್ಧದಲ್ಲಿದ್ದೇನೆ.