ಕೊಕ್ಕೆ, ತೊಲೆ, ಒಂದು ಟನ್ ಕನ್ನಡಿ: ಕ್ಯಾರೋಲಿನ್ ಹರ್ಷೆಲ್ ಕಥೆ

ಟೆಲಿಸ್ಕೋಪ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ನಕ್ಷತ್ರ, ಗ್ಯಾಲಕ್ಸಿ, ವಾಲ್‌ಪೇಪರ್ ಹಾಕಿಕೊಳ್ಳೋ ಫೋಟೋಗಳು. ಕ್ರೇನ್ ಯಾರಿಗೂ ನೆನಪಾಗಲ್ಲ. ಆದರೆ ದೊಡ್ಡ ಟೆಲಿಸ್ಕೋಪ್ ಅಂದ್ರೆ ಮೊದಲು ಅದೊಂದು ಭಾರದ ಯಂತ್ರ. ಅದರ ಕನ್ನಡಿಯನ್ನ ಆಗಾಗ ಹೊರಗೆ ತೆಗೀಬೇಕು, ಮತ್ತೆ ಒಳಗೆ ಕೂರಿಸಬೇಕು. ನಮ್ಮ ಬೆಂಗಳೂರಿನ ಐಐಎ ನಡೆಸುವ ಕಾವಲೂರಿನ 2.34 ಮೀಟರ್ ಟೆಲಿಸ್ಕೋಪ್ ಆಗಲಿ, ಬೇರೆ ದೇಶದ 8 ಮೀಟರ್ ಟೆಲಿಸ್ಕೋಪ್ ಆಗಲಿ, ಅಲ್ಯೂಮಿನಿಯಂ ಲೇಪ ಮಂಕಾದ ಮೇಲೆ ಕನ್ನಡಿ ಕೆಳಗೆ ಇಳಿಯಲೇಬೇಕು. ಆ ಇಳಿಸೋ ಹೊತ್ತೇ ಅಪಾಯದ ಹೊತ್ತು.

ಈ ಅಪಾಯವನ್ನ ಇನ್ನೂರು ವರ್ಷಗಳ ಹಿಂದೆಯೇ ಮೈಮೇಲೆ ಅನುಭವಿಸಿ, ಬರೆದಿಟ್ಟು ಹೋದ ಹೆಂಗಸೊಬ್ಬರಿದ್ದಾರೆ. ಕ್ಯಾರೋಲಿನ್ ಹರ್ಷೆಲ್. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ತಂಗಿ ಅಂತ ನಮ್ಮ ಹೈಸ್ಕೂಲ್ ಪುಸ್ತಕಗಳಲ್ಲಿ ಹೆಚ್ಚೆಂದರೆ ಒಂದು ಸಾಲು ಸಿಗಬಹುದು. ಧೂಮಕೇತು ಹುಡುಕಿದವರು ಅಂತ ಇನ್ನೊಂದು ಸಾಲು. ಅವರ ಬದುಕನ್ನ ನಾವು ಇಲ್ಲಿ ಸ್ವಲ್ಪ ಬೇರೆ ಕಡೆಯಿಂದ ನೋಡ್ತೀವಿ, ಕೆಲಸದ ಜಾಗದ ಕಡೆಯಿಂದ.

ಹುಟ್ಟಿದ್ದು 1750ರ ಮಾರ್ಚ್ 16, ಜರ್ಮನಿಯ ಹ್ಯಾನೋವರ್‌ನಲ್ಲಿ. ಅಪ್ಪ ಸೈನ್ಯದ ಬ್ಯಾಂಡ್‌ನಲ್ಲಿ ವಾದ್ಯ ನುಡಿಸೋರು. ಚಿಕ್ಕಂದಿನಲ್ಲೇ ಸಿಡುಬು ಬಂದು ಮುಖದಲ್ಲಿ ಕಲೆ ಉಳೀತು. ಹತ್ತನೇ ವರ್ಷಕ್ಕೆ ಟೈಫಸ್ ಜ್ವರ ಬಂದು ಬೆಳವಣಿಗೆಯೇ ನಿಂತುಹೋಯ್ತು, ಎತ್ತರ 4 ಅಡಿ 3 ಇಂಚು ಅಷ್ಟೇ. ಈ ಹುಡುಗಿಗೆ ಮದುವೆ ಆಗಲ್ಲ, ಮನೆಗೆಲಸ ಮಾಡ್ಕೊಂಡಿರಲಿ ಅನ್ನೋದು ಅಮ್ಮನ ಲೆಕ್ಕ. ಅಪ್ಪನಿಗೆ ಓದಿಸೋ ಆಸೆ ಇತ್ತು, ಆದರೆ ಮನೆಯಲ್ಲಿ ನಡೆದದ್ದು ಅಮ್ಮನ ಮಾತೇ. 1772ರಲ್ಲಿ ಇಂಗ್ಲೆಂಡಿನಿಂದ ಅಣ್ಣ ವಿಲಿಯಂ ಬಂದ. ತಂಗಿಯನ್ನ ಬಾತ್ ಊರಿಗೆ ಕರ್ಕೊಂಡು ಹೋಗ್ತೀನಿ, ಹಾಡು ಕಲಿಸ್ತೀನಿ ಅಂದ. ಅಮ್ಮ ಸುಲಭಕ್ಕೆ ಬಿಡಲಿಲ್ಲ. ಕ್ಯಾರೋಲಿನ್ ಬದಲಿಗೆ ಕೆಲಸದವಳನ್ನ ಇಟ್ಟುಕೊಳ್ಳೋಕೆ ವರ್ಷವರ್ಷ ದುಡ್ಡು ಕೊಡ್ತೀನಿ ಅಂತ ಒಪ್ಪಿಸಿಯೇ ಅವನು ತಂಗಿಯನ್ನ ಬಿಡಿಸಿಕೊಂಡು ಬಂದ. ಇಪ್ಪತ್ತೆರಡು ವರ್ಷದ ಮಗಳಿಗೆ ಮನೆಯವರೇ ಕಟ್ಟಿದ ಬೆಲೆ ಅದು.

ಬಾತ್‌ನಲ್ಲಿ ಅವರು ನಿಜಕ್ಕೂ ಒಳ್ಳೆ ಗಾಯಕಿ ಆದರು. ಹ್ಯಾಂಡೆಲ್‌ನ ಸಂಗೀತ ಕಛೇರಿಗಳಲ್ಲಿ ಮುಖ್ಯ ಗಾಯಕಿಯಾಗಿ ನಿಂತರು. ಬರ್ಮಿಂಗ್‌ಹ್ಯಾಮ್‌ನಿಂದ ಹಾಡೋಕೆ ಕರೆ ಬಂದಾಗ, ಅಣ್ಣ ನಡೆಸದ ಕಛೇರಿಯಲ್ಲಿ ಹಾಡಲ್ಲ ಅಂತ ಬಿಟ್ಟುಕೊಟ್ಟರು. ಅಷ್ಟರಲ್ಲಿ ಅಣ್ಣನಿಗೆ ಟೆಲಿಸ್ಕೋಪ್ ಹುಚ್ಚು ಹಿಡಿದಿತ್ತು. ಮನೆ ಪೂರ್ತಿ ವರ್ಕ್‌ಶಾಪ್ ಆಯ್ತು.

ಆ ವರ್ಕ್‌ಶಾಪ್ ಹೇಗಿತ್ತು ಅಂದ್ರೆ, ನಮ್ಮ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್ ನೋಡಿದ್ರೆ ಬಾಗಿಲಲ್ಲೇ ಎಲ್ಲರನ್ನೂ ವಾಪಸ್ ಕಳಿಸ್ತಿದ್ರು. ಕಛೇರಿ ಮುಗಿಸಿ ಬಂದ ವಿಲಿಯಂ, ತೋಳಿಗೆ ಲೇಸ್ ಇರೋ ಅದೇ ಬಟ್ಟೆಯಲ್ಲಿ ಕೆಲಸಕ್ಕೆ ಕೂರ್ತಿದ್ದ. ಲೇಸ್ ಹರೀತಿತ್ತು, ಇಲ್ಲ ಕಾದ ಟಾರು ಅದರ ಮೇಲೆ ಸಿಡೀತಿತ್ತು. ಒಂದು ಶನಿವಾರ ರಾತ್ರಿ ಸಾಣೆಕಲ್ಲಿನಲ್ಲಿ ಉಪಕರಣ ಮಸೆಯೋಕೆ ಹೋಗಿ ಬೆರಳಿನ ಉಗುರೇ ಕಿತ್ತುಬಂತು, ಎಚ್ಚರ ತಪ್ಪುವ ಸ್ಥಿತಿಯಲ್ಲಿ ಅವನನ್ನ ಮನೆಗೆ ಕರ್ಕೊಂಡು ಬಂದರು. ಕನ್ನಡಿ ಉಜ್ಜೋವಾಗ ಒಂದು ಸಲ ಹದಿನಾರು ಗಂಟೆ ಕೈ ಎತ್ತಲೇ ಇಲ್ಲ. ಕ್ಯಾರೋಲಿನ್ ಪಕ್ಕದಲ್ಲಿ ನಿಂತು ತುತ್ತು ತುತ್ತಾಗಿ ಬಾಯಿಗಿಟ್ಟರು, ಬೇಜಾರಾಗದಿರಲಿ ಅಂತ ಕಥೆ ಪುಸ್ತಕ ಓದಿ ಹೇಳಿದರು.

1781ರಲ್ಲಿ ಮೂರು ಅಡಿ ಅಗಲದ ಕನ್ನಡಿಯನ್ನ ಮನೆಯಲ್ಲೇ ಎರಕ ಹೊಯ್ಯೋ ಪ್ರಯತ್ನ ಆಯ್ತು. ಆಗಿನ ಕನ್ನಡಿ ಗಾಜಲ್ಲ, ತಾಮ್ರ ಮತ್ತು ತವರ ಬೆರೆಸಿದ ಲೋಹ. ಅಚ್ಚಿಗೆ ಬೇಕಾದ ಕುದುರೆ ಲದ್ದಿಯ ಮಣ್ಣನ್ನ ಕುಟ್ಟಿ ಜರಡಿ ಹಿಡಿಯೋದರಲ್ಲಿ ಕ್ಯಾರೋಲಿನ್ ಕೈಯೂ ಇತ್ತು. ಎರಡು ಸಲ ಹೊಯ್ದರು, ಎರಡೂ ಕೈಕೊಟ್ಟವು. ಒಂದು ಸಲ ತಣ್ಣಗಾಗುವಾಗ ಕನ್ನಡಿ ಬಿರುಕು ಬಿಟ್ಟಿತು. ಇನ್ನೊಂದು ಸಲ ಕುಲುಮೆಯೇ ಸೋರಿತು. ಕರಗಿದ ಲೋಹ ಕಲ್ಲಿನ ನೆಲದ ಮೇಲೆ ಹರಿದದ್ದೇ ತಡ, ಹಾಸುಗಲ್ಲುಗಳು ಸಿಡಿದು ಸೂರಿನವರೆಗೂ ಹಾರಿದವು. ಇಬ್ಬರು ಅಣ್ಣಂದಿರು, ಎರಕದವನು, ಅವನ ಆಳುಗಳು ಆ ಬಾಗಿಲು ಈ ಬಾಗಿಲು ಅಂತ ಓಡಿದರು. ವಿಲಿಯಂ ಸುಸ್ತಾಗಿ ಇಟ್ಟಿಗೆ ಚೂರುಗಳ ರಾಶಿ ಮೇಲೆ ಬಿದ್ದ. ಕಲ್ಲಿನೊಳಗೆ ಸೇರಿರೋ ತೇವ ಒಮ್ಮೆಲೇ ಆವಿ ಆದ್ರೆ ಹೀಗೇ ಆಗೋದು, ಫೌಂಡ್ರಿಯಲ್ಲಿ ಇವತ್ತಿಗೂ ಒದ್ದೆ ನೆಲ ಅಂದ್ರೆ ಭಯ ಪಡೋದು ಅದಕ್ಕೇ. ಕ್ಯಾರೋಲಿನ್ ಇದನ್ನ ನೆನಪಿಸಿಕೊಂಡು ಬರೆಯುವಾಗ, ಆ ಹಾಸುಗಲ್ಲುಗಳನ್ನ ಮೊದಲೇ ಕಿತ್ತು ತೆಗೀಬೇಕಿತ್ತು ಅನ್ನೋ ಮಾತನ್ನೂ ಸೇರಿಸಿದ್ದಾರೆ. ನಮಗೆ ಅವರು ಇಷ್ಟವಾಗೋದು ಇಂಥ ಕಡೆ. ದೇವರು ಕಾಪಾಡಿದ ಅಂತ ಬರೆದು ಮುಗಿಸಬಹುದಿತ್ತು. ಅವರು ಕಾರಣ ಬರೀತಾರೆ.

ಅದೇ ವರ್ಷದ ಮಾರ್ಚ್ 13ರಂದು ಯುರೇನಸ್ ಸಿಕ್ಕಿತ್ತು. 1782ರಲ್ಲಿ ಮೂರನೇ ಜಾರ್ಜ್ ದೊರೆ ವಿಲಿಯಂಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ. ಅಣ್ಣ-ತಂಗಿ ವಿಂಡ್ಸರ್ ಹತ್ತಿರದ ಡಾಚೆಟ್‌ಗೆ ಬಂದರು, ಕ್ಯಾರೋಲಿನ್ ಹಾಡು ನಿಂತಿತು. ಅಲ್ಲಿ 20 ಅಡಿ ಉದ್ದದ ಟೆಲಿಸ್ಕೋಪ್ ಎದ್ದಿತು. ಪೂರ್ತಿ ಎದ್ದಿರಲಿಲ್ಲ ಅನ್ನಿ. ಏಣಿಗಳಿಗೆ ಬುಡದಲ್ಲಿ ಅಡ್ಡಪಟ್ಟಿಯೇ ಇಲ್ಲ. ನಿಲ್ಲೋಕೆ ಸರಿಯಾದ ಅಟ್ಟಣೆ ಇಲ್ಲದೆ, ಹದಿನೈದು ಅಡಿಗೂ ಎತ್ತರದಲ್ಲಿ ಒಂದು ತಾತ್ಕಾಲಿಕ ಅಡ್ಡತೊಲೆ ಮೇಲೆ ವಿಲಿಯಂ ನಿಂತು ಆಕಾಶ ನೋಡ್ತಿದ್ದ. ಪ್ರತಿ ಚಟ್ ಶಬ್ದಕ್ಕೂ ಕ್ಯಾರೋಲಿನ್ ಎದೆ ಝಲ್ ಅನ್ನೋದು. ಜೋರು ಗಾಳಿ ಬೀಸ್ತಿದ್ದ ಒಂದು ರಾತ್ರಿ ಅವನು ಇಳಿದು ನೆಲಕ್ಕೆ ಕಾಲಿಟ್ಟಿದ್ದಷ್ಟೇ, ಇಡೀ ಚೌಕಟ್ಟು ಕುಸಿದು ಬಿತ್ತು. ಕೂಲಿಯವರನ್ನ ಎಬ್ಬಿಸಿ ಕರೆತಂದು ಅವಶೇಷದ ಒಳಗಿಂದ ಕನ್ನಡಿ ಹೊರಗೆ ತೆಗೆಸಿದರು. ಕನ್ನಡಿಗೆ ಏನೂ ಆಗಿರಲಿಲ್ಲ, ಮಾರನೇ ದಿನ ಬಡಗಿಗಳಿಗೆ ಕೈತುಂಬಾ ಕೆಲಸ.

ಇನ್ನು 1783ರ ಡಿಸೆಂಬರ್ 31. ಇಡೀ ಸಂಜೆ ಮೋಡ. ರಾತ್ರಿ ಹತ್ತರ ಹೊತ್ತಿಗೆ ನಾಲ್ಕು ನಕ್ಷತ್ರ ಕಂಡವು, ಮೋಡ ಮತ್ತೆ ಮುಚ್ಚೋ ಮೊದಲು ನೋಡಬೇಕು ಅನ್ನೋ ಆತುರ. ನೆಲದಲ್ಲಿ ಒಂದಡಿ ಹಿಮ, ಅದೂ ಕರಗ್ತಾ ಇದೆ. ಟೆಲಿಸ್ಕೋಪನ್ನ ಪಕ್ಕಕ್ಕೆ ಸರಿಸೋ ಯಂತ್ರವನ್ನ ತಿರುಗಿಸು ಅಂತ ವಿಲಿಯಂ ಮುಂದಿನಿಂದ ಕೂಗಿದ. ಆ ಯಂತ್ರದ ಎರಡೂ ತುದಿಗೆ ಕಟುಕರ ಅಂಗಡಿಯಲ್ಲಿ ಮಾಂಸ ನೇತುಹಾಕ್ತಾರಲ್ಲ, ಅಂಥ ಕಬ್ಬಿಣದ ಕೊಕ್ಕೆ. ಕತ್ತಲಲ್ಲಿ ಓಡಿದ ಕ್ಯಾರೋಲಿನ್ ಜಾರಿ ಅದರ ಮೇಲೇ ಬಿದ್ದರು. ಬಲಗಾಲಿಗೆ, ಮಂಡಿಯಿಂದ ಸುಮಾರು ಆರು ಇಂಚು ಮೇಲೆ ಕೊಕ್ಕೆ ನೆಟ್ಟಿತು. ಅಣ್ಣ ಬೇಗ ಬೇಗ ಅಂತ ಇನ್ನೂ ಕೂಗ್ತಾನೇ ಇದ್ದ, ಇವರು ಕೊಕ್ಕೆಗೆ ಸಿಕ್ಕಿಕೊಂಡೆ ಅಂತ ಕಿರುಚಿದ ಮೇಲೇ ಅವನಿಗೆ ಗೊತ್ತಾಗಿದ್ದು. ಅವನೂ ಕೆಲಸದಾಳೂ ಸೇರಿ ಎತ್ತಿದರು. ಸುಮಾರು ಎರಡು ಔನ್ಸ್, ಅಂದ್ರೆ ಐವತ್ತು ಗ್ರಾಂಗೂ ಮೇಲೆ, ಮಾಂಸ ಕೊಕ್ಕೆಯಲ್ಲೇ ಉಳೀತು.

ಕೆಲಸದಾಳಿನ ಹೆಂಡತಿಯನ್ನ ಕರೆದರೆ ಆಕೆ ಹೆದರಿ ಮುಟ್ಟಲೇ ಇಲ್ಲ. ಕ್ಯಾರೋಲಿನ್ ತಾವೇ ಔಷಧಿ ಹಾಕಿ ಬಟ್ಟೆ ಕಟ್ಟಿಕೊಂಡರು. ಕೆಲವು ದಿನದ ಮೇಲೆ ಡಾಕ್ಟರ್ ಲಿಂಡ್ ವಿಷಯ ಕೇಳಿ ಮುಲಾಮು ತಂದರು. ಸೈನಿಕನಿಗೆ ಇಂಥ ಗಾಯ ಆಗಿದ್ದರೆ ಆರು ವಾರ ಆಸ್ಪತ್ರೆಯಲ್ಲಿ ಇರೋ ಹಕ್ಕು ಸಿಗ್ತಿತ್ತು ಅಂತ ಅವರು ಹೇಳಿದರಂತೆ. ಕ್ಯಾರೋಲಿನ್ ಸೈನಿಕ ಅಲ್ಲವಲ್ಲ, ಆಗ ಅವರಿಗೆ ಸಂಬಳವೂ ಇರಲಿಲ್ಲ. ಅವರಿಗಿದ್ದ ಸಮಾಧಾನ ಒಂದೇ: ಆ ರಾತ್ರಿಯ ಉಳಿದ ಭಾಗ, ಮುಂದಿನ ಹಲವು ರಾತ್ರಿಗಳು ಮೋಡವಿದ್ದವು, ಹಾಗಾಗಿ ಅಣ್ಣನ ಕೆಲಸಕ್ಕೆ ನಷ್ಟ ಆಗಲಿಲ್ಲ. ಇದನ್ನ ಕೆಲವರು ತ್ಯಾಗ ಅಂತ ಹೊಗಳ್ತಾರೆ. ನಮಗೆ ಓದುವಾಗ ಹೊಟ್ಟೆಯೊಳಗೆ ಸಂಕಟ ಆಯ್ತು.

ಆ ರಾತ್ರಿಯನ್ನ ಸುಮ್ಮನೆ ದುರದೃಷ್ಟ ಅನ್ನೋಕೆ ನಮ್ಮಿಂದ ಆಗಲ್ಲ. ಟೆಲಿಸ್ಕೋಪ್ ಪಕ್ಕ ದೀಪ ಇಡೋ ಹಾಗಿಲ್ಲ ನಿಜ, ಕಣ್ಣು ಕತ್ತಲಿಗೆ ಒಗ್ಗಿರಬೇಕು. ಆದರೆ ದೀಪ ಇಲ್ಲದ ಜಾಗ ಅಂದಮೇಲೆ ಕೊಕ್ಕೆಗೆ ಮುಚ್ಚಳ ಇನ್ನೂ ಹೆಚ್ಚಾಗಿ ಬೇಕಲ್ವಾ? ಒಂದು ಮರದ ತುಂಡು, ಒಂದು ಚರ್ಮದ ಚೀಲ ಸಾಕಿತ್ತು. ಮುಚ್ಚಳದ ವಿಷಯ ಗೊತ್ತಿರಲಿಲ್ಲ ಅಂತಲೂ ಅಲ್ಲ. ಮುಂದೆ ಸೀರಿಸ್ ಕಂಡುಹಿಡಿದ ಇಟಲಿಯ ಪಿಯಾಟ್ಸಿ ಒಮ್ಮೆ ಇವರಲ್ಲಿಗೆ ಬಂದಾಗ, ಟೆಲಿಸ್ಕೋಪ್ ಮುಂದೆ ಚಾಚಿಕೊಂಡಿದ್ದ ಹಲ್ಲಿನ ಸರಳಿಗೆ ಎಡವಿ ಮೊಣಕಾಲಿನ ಕೆಳಗೆ ಚೆನ್ನಾಗಿ ಏಟು ಮಾಡಿಕೊಂಡರು. ಆ ಸರಳಿಗೆ ಟೋಪಿಯಂಥ ಮುಚ್ಚಳ ಇತ್ತು, ಅವತ್ತು ಹಾಕೋದು ಮರೆತಿದ್ದರು. ಸುತ್ತ ಕತ್ತಲಲ್ಲಿ ದೊಡ್ಡ ಯಂತ್ರದ ಜೊತೆ ಕೆಲಸ ಮಾಡೋವಾಗ ಮನಸ್ಸಿಗೆ ತನ್ನ ಸುರಕ್ಷತೆ ಎಲ್ಲಕ್ಕಿಂತ ಕೊನೆಗೆ ಹೊಳೆಯುತ್ತೆ, ಅಣ್ಣನಿಗೂ ತನಗೂ ಪ್ರಾಣಕ್ಕೇ ಬರಬಹುದಾಗಿದ್ದ ಅಪಘಾತಗಳ ದೊಡ್ಡ ಪಟ್ಟಿಯನ್ನೇ ಕೊಡಬಲ್ಲೆ ಅನ್ನೋ ಅರ್ಥದಲ್ಲಿ ಕ್ಯಾರೋಲಿನ್ ಬರೆದಿದ್ದಾರೆ.

1786ರಲ್ಲಿ ಮನೆ ಸ್ಲೌ ಊರಿಗೆ ಬಂತು. ಅದೇ ಆಗಸ್ಟ್ 1ರಂದು ಕ್ಯಾರೋಲಿನ್ ತಮ್ಮ ಚಿಕ್ಕ ಟೆಲಿಸ್ಕೋಪಿನಲ್ಲಿ ಮೊದಲ ಧೂಮಕೇತು ಹಿಡಿದರು. 1797ರ ಹೊತ್ತಿಗೆ ಎಂಟು ಆದವು. ಎಂಟನೆಯದು ಕಂಡಾಗ ಒಂದು ಗಂಟೆ ನಿದ್ದೆ ಮಾಡಿ, ಕುದುರೆ ಹತ್ತಿ ಗ್ರೀನಿಚ್‌ವರೆಗೂ ಹೋಗಿ ಸುದ್ದಿ ಮುಟ್ಟಿಸಿದರು. 1787ರಿಂದ ದೊರೆ ಅವರಿಗೂ ವರ್ಷಕ್ಕೆ 50 ಪೌಂಡ್ ಸಂಬಳ ಕೊಟ್ಟ. ಕೊಕ್ಕೆಯ ರಾತ್ರಿ ಕಳೆದು ಸುಮಾರು ನಾಲ್ಕು ವರ್ಷ ಆಗಿತ್ತು.

ಸ್ಲೌನಲ್ಲೇ ಆ ದೈತ್ಯ 40 ಅಡಿ ಟೆಲಿಸ್ಕೋಪ್ ಕಟ್ಟಿದ್ದು. 1785ರಲ್ಲಿ ಶುರು, 1789ರಲ್ಲಿ ಮುಗಿಯಿತು, ದೊರೆ ಕೊಟ್ಟ ಹಣ 4000 ಪೌಂಡ್. ಕನ್ನಡಿಯ ಅಗಲ 4 ಅಡಿ. ಮೊದಲು ಮಾಡಿದ ಕನ್ನಡಿ ತೆಳುವಾಗಿ ತನ್ನ ಭಾರಕ್ಕೇ ಬಾಗ್ತಿತ್ತು, ಅದಕ್ಕೆ ಎರಡನೆಯದನ್ನ ದಪ್ಪ ಮಾಡಿದರು, ಸುಮಾರು ಒಂದು ಟನ್ ತೂಗ್ತಿತ್ತು. ಉಜ್ಜೋಕೆ 24 ಆಳುಗಳನ್ನ ಇಟ್ಟಿದ್ದರು, ಆಮೇಲೆ ಯಂತ್ರ ಬಂತು.

ಸಮಸ್ಯೆ ಇಲ್ಲೇ ಇತ್ತು. ತಾಮ್ರ-ತವರದ ಕನ್ನಡಿ ಇಂಗ್ಲೆಂಡಿನ ತೇವದ ಗಾಳಿಗೆ ಬೇಗ ಮಂಕಾಗುತ್ತೆ. ಮಂಕಾದರೆ ಮತ್ತೆ ಉಜ್ಜಬೇಕು, ಉಜ್ಜಬೇಕು ಅಂದ್ರೆ ಟ್ಯೂಬಿನಿಂದ ಹೊರಗೆ ತೆಗೀಬೇಕು. ಅಂದ್ರೆ ಒಂದು ಟನ್ ಭಾರ ಎತ್ತಿ ಇಳಿಸೋ ಕೆಲಸ ಒಂದು ಸಲದ್ದಲ್ಲ, ಮತ್ತೆ ಮತ್ತೆ ಬರೋದು. ಮೇಲೆ ಒಂದು ಮರದ ತೊಲೆ, ತೊಲೆಗೆ ರಾಟೆ ಹಗ್ಗ, ಕೆಳಗೆ ಕನ್ನಡಿ ಕೂರಿಸೋ ಗಾಡಿ.

19ನೇ ಶತಮಾನದ ಮೊದಲ ದಶಕದ ಒಂದು ಸೆಪ್ಟೆಂಬರ್‌ನಲ್ಲಿ ಹೀಗೆ ಕನ್ನಡಿ ಇಳಿಸ್ತಿದ್ದಾಗ ತೊಲೆ ಸರಿಯಾಗಿ ನಡುಮಧ್ಯದಲ್ಲಿ ಮುರೀತು. ಪುಣ್ಯಕ್ಕೆ ಕನ್ನಡಿ ಅಷ್ಟೊತ್ತಿಗೆ ಗಾಡಿಯ ಹತ್ತಿರ ಬಂದಿತ್ತು. ಪಕ್ಕದಲ್ಲಿದ್ದ ವಿಲಿಯಂ ಮತ್ತು ಇನ್ನೊಬ್ಬ ಅಣ್ಣ ಅಲೆಕ್ಸಾಂಡರ್ ಇಬ್ಬರೂ ಜಜ್ಜಿಹೋಗೋದರಿಂದ ಕೂದಲೆಳೆಯಲ್ಲಿ ಪಾರಾದರು. ಇಬ್ಬರಿಗೂ ಅರವತ್ತು ದಾಟಿತ್ತು. ಕ್ಯಾರೋಲಿನ್ ದಿನಚರಿಯಲ್ಲಿ ಇದಕ್ಕೆ ಕೊಟ್ಟ ಜಾಗ ಎರಡು ಮೂರು ಸಾಲು.

ನಡುಮಧ್ಯ ಯಾಕೆ ಅಂತ ಥರ್ಡ್ ಸೆಮ್‌ನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಬರೆದವರಿಗೆ ಹೇಳಬೇಕಾಗಿಲ್ಲ. ಎರಡು ತುದಿಗೆ ಆಧಾರ, ಮಧ್ಯದಲ್ಲಿ ಭಾರ ಡಬ್ಲ್ಯೂ, ಉದ್ದ ಎಲ್ ಇದ್ದರೆ ಬೆಂಡಿಂಗ್ ಮೊಮೆಂಟ್ ಅತಿ ಹೆಚ್ಚು ಮಧ್ಯದಲ್ಲೇ, ಡಬ್ಲ್ಯೂಎಲ್ ಬೈ ನಾಲ್ಕು. ಎಕ್ಸಾಮಿನಲ್ಲಿ ನಾವು ಆ ಡಯಾಗ್ರಾಂ ಬರೆದು ತ್ರಿಕೋನಕ್ಕೆ ಗೆರೆ ಎಳೆದು ಎರಡು ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ಆ ತ್ರಿಕೋನದ ತುದಿಯ ಕೆಳಗೆ ಇಬ್ಬರು ಮುದುಕರು ನಿಂತಿರಬಹುದು ಅನ್ನೋದು ಪ್ರಶ್ನೆಪತ್ರಿಕೆಯಲ್ಲಿ ಇರಲ್ಲ. ಮರ ಉಕ್ಕಿನ ಹಾಗಲ್ಲ ಅನ್ನೋದೂ ಇದೆ. ಮಳೆ, ಬಿಸಿಲು, ಹಿಮದಲ್ಲಿ ವರ್ಷಗಟ್ಟಲೆ ನಿಂತ ಮರ ಹೊರಗೆ ಗಟ್ಟಿ ಕಂಡರೂ ಒಳಗೆ ಸೋತಿರುತ್ತೆ. ಮೊದಲ ದಿನ ಹೊತ್ತ ಭಾರವನ್ನ ಹತ್ತು ವರ್ಷ ಆದ ಮೇಲೂ ಹೊರುತ್ತೆ ಅನ್ನೋ ಖಾತ್ರಿ ಇಲ್ಲ. ಇವತ್ತು ಎತ್ತುವ ಸಾಧನಗಳನ್ನ ಅವಧಿಗೊಮ್ಮೆ ಹೆಚ್ಚಿನ ಭಾರ ಹಾಕಿ ಪರೀಕ್ಷೆ ಮಾಡೋದು, ಸುರಕ್ಷಿತ ಭಾರ ಎಷ್ಟು ಅಂತ ಅದರ ಮೇಲೇ ಬರೆಯೋದು, ತೂಗ್ತಿರೋ ಭಾರದ ಕೆಳಗೆ ಯಾರೂ ನಿಲ್ಲಬಾರದು ಅನ್ನೋದು, ಇವೆಲ್ಲ ಇಂಥ ತೊಲೆಗಳು ಮುರಿದು ಮುರಿದೇ ಬಂದ ನಿಯಮಗಳು. ನಮ್ಮ ವರ್ಕ್‌ಶಾಪಿನ ಚೈನ್ ಪುಲ್ಲಿ ಮೇಲೂ ಒಂದು ತಗಡಿನ ಪಟ್ಟಿ ಇದೆ, ಮುಂದಿನ ಸಲ ಹೋದಾಗ ಓದಿ ನೋಡಿ.

ವಿಲಿಯಂ 1822ರ ಆಗಸ್ಟ್‌ನಲ್ಲಿ ತೀರಿಕೊಂಡ ಮೇಲೆ ಕ್ಯಾರೋಲಿನ್ ಹ್ಯಾನೋವರ್‌ಗೆ ವಾಪಸ್ ಹೋದರು. ಐವತ್ತು ವರ್ಷದ ನಂತರ ತವರು ತವರಾಗಿ ಉಳಿದಿರಲಿಲ್ಲ. ಆದರೂ ಕೂತು, ಅಣ್ಣ ಗುರುತಿಸಿದ್ದ ಸುಮಾರು 2500 ನೀಹಾರಿಕೆಗಳ ಪಟ್ಟಿಯನ್ನ ಅಣ್ಣನ ಮಗ ಜಾನ್‌ಗೋಸ್ಕರ ಹೊಸದಾಗಿ ಜೋಡಿಸಿ ಕೊಟ್ಟರು. ಅದಕ್ಕೆ 1828ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಬಂತು. 1835ರಲ್ಲಿ ಅದೇ ಸೊಸೈಟಿ ಮೇರಿ ಸೊಮರ್‌ವಿಲ್ ಜೊತೆಗೆ ಇವರನ್ನೂ ಗೌರವ ಸದಸ್ಯರನ್ನಾಗಿ ಮಾಡಿತು.

ಸ್ಲೌನಲ್ಲಿ 40 ಅಡಿ ಟೆಲಿಸ್ಕೋಪಿನ ಮರದ ಚೌಕಟ್ಟು ಕೊಳೀತಾ ಬಂತು. ಬಿದ್ದು ಯಾರ ಮೇಲಾದರೂ ಬರೋ ಮೊದಲೇ ಜಾನ್ ಅದನ್ನ ಬಿಚ್ಚಿಸಿದ. ಟ್ಯೂಬನ್ನ ನೆಲದ ಮೇಲೆ ಮಲಗಿಸಿ, 1839 ಮುಗಿದು 1840 ಶುರುವಾಗೋ ರಾತ್ರಿ ಹೆಂಡತಿ ಮಕ್ಕಳ ಜೊತೆ ಅದರೊಳಗೆ ಕೂತು ಹಾಡು ಹಾಡಿದ. ಕ್ಯಾರೋಲಿನ್‌ಗೆ ಆಗ 89 ವರ್ಷ. ಅವರು ತೀರಿಕೊಂಡದ್ದು 1848ರ ಜನವರಿ 9ರಂದು, 97ನೇ ವಯಸ್ಸಿನಲ್ಲಿ. ಅಣ್ಣನ ಒಂದು ಎಳೆ ಕೂದಲನ್ನ ಅವರ ಜೊತೆಗೇ ಹೂತರು. ಟ್ಯೂಬಿನ ಮೇಲೆ ಆಮೇಲೊಂದು ದಿನ ಮರ ಬಿದ್ದು ಅದು ಜಜ್ಜಿಹೋಯ್ತು, ಉಳಿದ ತುಂಡು ಈಗ ಗ್ರೀನಿಚ್‌ನಲ್ಲಿದೆ.