ರಣಧೀರ ಕಂಠೀರವರ ನಿಜ ಚರಿತ್ರೆ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ಮೈಸೂರಿನ ಕಂಠೀರವ ನರಸರಾಜ ಒಡೆಯರ ಜೀವನವೇ ನನ್ನ ನೆನಪಿಗೆ ಬಂದಿತು. ಬಹಳ ವರ್ಷಗಳ ಹಿಂದೆ ಏಳನೆಯ ತರಗತಿಯ ಬಾಲಕನೊಬ್ಬನು ಕೇಳಿದ ಪ್ರಶ್ನೆಯೇ ಅದಕ್ಕೆ ಕಾರಣ.

ನಮ್ಮಲ್ಲಿ ಹಲವರು ಈ ಅರಸರನ್ನು ಮೊದಲು ಕಂಡದ್ದು 1960ರಲ್ಲಿ ತೆರೆಕಂಡ ರಣಧೀರ ಕಂಠೀರವ ಚಲನಚಿತ್ರದಲ್ಲಿ. ನಾಯಕನ ಪಾತ್ರವನ್ನು ವಹಿಸಿದ ಡಾ. ರಾಜಕುಮಾರ್ ಅವರು ಜನಿಸಿದ ಗಾಜನೂರು ಅಂದು ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದು ನಮಗೆ ಹೆಮ್ಮೆಯ ವಿಷಯ. ನಾನೂ ಬಾಲ್ಯದಲ್ಲಿ ಅದನ್ನು ನೋಡಿ, ಇತಿಹಾಸವೆಂದರೆ ಅದೇ ಎಂದು ನಂಬಿದವನು.

ನಿಜವಾದ ಕಂಠೀರವರು 1615ರಲ್ಲಿ ಜನಿಸಿದರು. ಬೆಟ್ಟದ ಚಾಮರಾಜ ಒಡೆಯರ ಪುತ್ರರು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಅಂದು ದಳವಾಯಿ ವಿಕ್ರಮರಾಯನದೇ ಮಾತು ನಡೆಯುತ್ತಿತ್ತು. ಎರಡನೆಯ ರಾಜ ಒಡೆಯರು ಪಟ್ಟವೇರಿದ ಸ್ವಲ್ಪ ಕಾಲದಲ್ಲಿಯೇ ವಿಷಪ್ರಯೋಗಕ್ಕೆ ಬಲಿಯಾದರು. 1638ರಲ್ಲಿ ಸಿಂಹಾಸನಕ್ಕೆ ಬಂದ ಕಂಠೀರವರು ಮೊದಲು ಆ ದಳವಾಯಿಯ ಅಧಿಕಾರವನ್ನೂ ಬದುಕನ್ನೂ ಕೊನೆಗಾಣಿಸಿದರು. ಪಟ್ಟಕ್ಕೆ ಬರುವ ಮೊದಲು ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದರೆಂಬುದು ಐತಿಹ್ಯ.

ಮರುವರ್ಷವೇ, 1639ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾಖಾನನು ಶ್ರೀರಂಗಪಟ್ಟಣವನ್ನು ಮುತ್ತಿದನು. ಒಡೆಯರು ಆ ಸೈನ್ಯವನ್ನು ಹಿಮ್ಮೆಟ್ಟಿಸಿದರು. ಬಳಿಕ ಅವರ ದೃಷ್ಟಿ ಘಟ್ಟದ ಕೆಳಗಿನ ನಮ್ಮ ಸೀಮೆಯತ್ತ ಹರಿಯಿತು. 1640ರ ದಶಕದ ಆರಂಭದಲ್ಲಿ ದಣಾಯಕನಕೋಟೆ, ಸತ್ಯಮಂಗಲಗಳು ಮೈಸೂರಿನ ವಶವಾದವು. ಆ ದಣಾಯಕನಕೋಟೆ ಈಗ ಭವಾನಿಸಾಗರದ ನೀರಿನಲ್ಲಿ ಮುಳುಗಿದೆ.

ಯುದ್ಧಗಳಿಗಿಂತ ಹೆಚ್ಚು ಬಾಳಿದ್ದು ಅವರ ನಾಣ್ಯ. ನರಸಿಂಹನ ಮುದ್ರೆಯುಳ್ಳ ಚಿಕ್ಕ ಚಿನ್ನದ ಕಂಠೀರಾಯ ಹಣವನ್ನು ಅವರು ಟಂಕಿಸಿದರು. ಅಂಥ 10 ಹಣಗಳಿಗೆ ಒಂದು ಕಂಠೀರಾಯ ವರಹದ ಲೆಕ್ಕ. 1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗಲೂ ಸೀಮೆಗಳ ಹುಟ್ಟುವಳಿಯನ್ನು ಈ ವರಹದಲ್ಲಿಯೇ ಲೆಕ್ಕ ಹಾಕಿದರು. ಶ್ರೀರಂಗಪಟ್ಟಣದಲ್ಲಿ ಅವರು ಕಟ್ಟಿಸಿದ ನರಸಿಂಹ ದೇವಾಲಯದೊಳಗೆ ಅವರ ಪ್ರತಿಮೆಯಿದೆ. 1648ರ ಸುಮಾರಿಗೆ ಗೋವಿಂದವೈದ್ಯನು ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವು ಅವರ ಆಸ್ಥಾನದ ಮಹಾನವಮಿಯ ವೈಭವವನ್ನು ವಿವರವಾಗಿ ವರ್ಣಿಸುತ್ತದೆ.

ಇಷ್ಟನ್ನು ನಾನು ಅಂದು ಪಾಠ ಹೇಳಿ ಮುಗಿಸಿದಾಗ ಆ ಬಾಲಕನು ಎದ್ದು ನಿಂತನು. ಮಗ್ಗದ ಮನೆಯ ಹುಡುಗ. ನಮ್ಮ ಅರಸರು ತಮಿಳರ ಮೂಗುಗಳನ್ನು ಕೊಯ್ಸಿದರೆಂದು ಪಕ್ಕದ ಮನೆಯ ಗೆಳೆಯನು ಹೇಳುತ್ತಾನೆ, ಅದು ನಿಜವೇ ಎಂದು ಕೇಳಿದನು. ಅದೆಲ್ಲ ಕಟ್ಟುಕಥೆಯೆಂದು ಗದರಿಸಿ ಕುಳ್ಳಿರಿಸಿದೆ.

ಅದು ಕಟ್ಟುಕಥೆಯಾಗಿರಲಿಲ್ಲ. ಕಂಠೀರವರ ಕೊನೆಯ ವರ್ಷಗಳಲ್ಲಿ ಮೈಸೂರಿನ ಸೈನ್ಯವು ಸತ್ಯಮಂಗಲದ ಕಡೆಯಿಂದ ಮಧುರೆಯ ತಿರುಮಲ ನಾಯಕನ ರಾಜ್ಯದೊಳಗೆ ನುಗ್ಗಿ, ಕೈಗೆ ಸಿಕ್ಕಿದ ಜನರ ಮೂಗುಗಳನ್ನು ಕೊಯ್ದಿತು. ರಾಮನಾಥಪುರದ ಸೇತುಪತಿಯ ನೆರವಿನಿಂದ ಮಧುರೆಯವರು ಅದನ್ನು ಹಿಮ್ಮೆಟ್ಟಿಸಿ, ಮೈಸೂರು ಸೀಮೆಯಲ್ಲಿ ಅದೇ ರೀತಿ ಸೇಡು ತೀರಿಸಿಕೊಂಡರು. ಆ ಕಾಲದ ಜೆಸ್ವಿಟ್ ಪಾದ್ರಿಗಳ ಪತ್ರಗಳಲ್ಲಿ ಇದು ದಾಖಲಾಗಿದೆ. ತಿರುಮಲ ನಾಯಕ, ಕಂಠೀರವ ಒಡೆಯರು ಇಬ್ಬರೂ 1659ರಲ್ಲಿಯೇ ತೀರಿಕೊಂಡರು. ಮೂಗು ಕಳೆದುಕೊಂಡ ಎರಡೂ ಕಡೆಯ ರೈತರ ಹೆಸರುಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಇದನ್ನು ನಾನು ಓದಿ ತಿಳಿಯುವ ವೇಳೆಗೆ ಆ ಹುಡುಗನು ಓದನ್ನು ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದ್ದನು. ಅವನಿಗೆ ಉತ್ತರ ಹೇಳಲಾಗದೆ ಉಳಿಯಿತು.

ಈಗ ನನ್ನ ಮೊಮ್ಮಗಳು ಕೊರಿಯಾ ದೇಶದ ಅರಮನೆಯ ಧಾರಾವಾಹಿಗಳನ್ನು ನೋಡುತ್ತಾಳೆ. ಅಲ್ಲಿಯೂ ವಿಷ, ಒಳಸಂಚು, ದಾಯಾದಿ ಕಲಹ. ಆದರೆ ಆ ಜೋಸನ್ ಅರಸರ ಆಸ್ಥಾನದಲ್ಲಿ ಒಂದು ಕಟ್ಟಳೆಯಿತ್ತು. ಅರಸನ ನಡೆನುಡಿಗಳನ್ನು ಚರಿತ್ರಕಾರರು ದಿನವೂ ಬರೆದಿಡುತ್ತಿದ್ದರು. ಅರಸನು ಸತ್ತ ಮೇಲೆ ಅದರಿಂದ ಚರಿತ್ರೆಯನ್ನು ಸಿದ್ಧಪಡಿಸುತ್ತಿದ್ದರು. ತನ್ನ ವಿಷಯವಾಗಿ ಬರೆದುದನ್ನು ಓದುವ ಅಧಿಕಾರ ಅರಸನಿಗೂ ಇರಲಿಲ್ಲ. ನಮ್ಮ ಆಸ್ಥಾನಕವಿಗಳಿಗೆ ಅಂತಹ ರಕ್ಷಣೆಯಿರಲಿಲ್ಲ. ನನಗೋ ಯಾವ ಅರಸನ ಭಯವೂ ಇರಲಿಲ್ಲ. ಆದರೂ ನಾನು ಮುಚ್ಚಿಟ್ಟೆ.

ತಮಿಳು ನಾಡಿನಲ್ಲಿ ಬಾಳುತ್ತಾ, ತಮಿಳರೊಡನೆ ಒಂದೇ ಬೀದಿಯಲ್ಲಿ ಮಗ್ಗ ಹೂಡಿ, ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡಿರುವವರು ನಾವು. ಕಂಠೀರವರ ಪರಾಕ್ರಮವನ್ನು ಮಕ್ಕಳಿಗೆ ಅವಶ್ಯವಾಗಿ ಹೇಳೋಣ. ಮೂಗಿನ ಯುದ್ಧವನ್ನೂ ಹೇಳೋಣ. ಅಂದು ಆ ಬಾಲಕನು ಕೇಳಿದ್ದು ನಿಜ. ತಡವಾಗಿಯಾದರೂ ಅವನ ಶಾಲೆಯ ಸಂಚಿಕೆಯಲ್ಲಿಯೇ ಅದನ್ನು ಒಪ್ಪಿಕೊಳ್ಳುತ್ತಿದ್ದೇನೆ. ಅವನ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದಿ ಅವನಿಗೆ ತಿಳಿಸಿದರೆ ನಾನು ಧನ್ಯನು.