ತಾಯಂದಿರಿಂದ ರೋಗದ ಹೆಸರು ಕಲಿತ ವೈದ್ಯೆ

ಪಶ್ಚಿಮ ಆಫ್ರಿಕಾದ ಗಾ ಜನರ ಭಾಷೆಯಲ್ಲಿ ‘ಕ್ವಾಶಿಯೋರ್ಕರ್’ ಎಂಬ ಪದವಿದೆ. ಹೊಸ ಮಗು ಹುಟ್ಟಿದಾಗ ತಾಯಿಯ ಎದೆಹಾಲಿನಿಂದ ದೂರವಾದ ಹಿರಿಯ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಅರ್ಥ. ಈ ಪದವನ್ನು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿಸಿದವರು ಡಾ. ಸಿಸಿಲಿ ವಿಲಿಯಮ್ಸ್.

ಜಮೈಕಾದ ತೋಟದ ಮಾಲೀಕರ ಕುಟುಂಬದಲ್ಲಿ 1893ರಲ್ಲಿ ಜನಿಸಿದ ಸಿಸಿಲಿ, ಇಂಗ್ಲೆಂಡ್‌ನ ಆಕ್ಸ್‌ಫರ್ಡ್‌ನಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿ 1923ರಲ್ಲಿ ಪದವಿ ಪಡೆದರು. ಮಹಿಳಾ ವೈದ್ಯರಿಗೆ ಉದ್ಯೋಗ ದೊರೆಯುವುದೇ ದುಸ್ತರವಾಗಿದ್ದ ಕಾಲವದು. 1929ರಲ್ಲಿ ಬ್ರಿಟಿಷ್ ವಸಾಹತು ಸೇವೆಗೆ ಸೇರಿ, ಇಂದಿನ ಘಾನಾ ಆಗಿರುವ ಗೋಲ್ಡ್ ಕೋಸ್ಟ್‌ಗೆ ತೆರಳಿದರು.

ಹೆಸರಿನಲ್ಲೇ ಕಾರಣ

ಅಲ್ಲಿನ ಆಸ್ಪತ್ರೆಗೆ ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳು ಬರುತ್ತಿದ್ದರು. ಊದಿದ ಕೈಕಾಲು, ಉಬ್ಬಿದ ಹೊಟ್ಟೆ, ಕೆಂಚುಗಟ್ಟಿದ ಕೂದಲು, ಸುಲಿಯುವ ಚರ್ಮ. ಹಲವರು ಬದುಕುಳಿಯುತ್ತಿರಲಿಲ್ಲ. ಇದು ಪೆಲಾಗ್ರ ರೋಗವೆಂದು ತಜ್ಞರು ವಾದಿಸಿದರು. ಸಿಸಿಲಿ ಅದನ್ನು ಒಪ್ಪದೆ ಸ್ಥಳೀಯ ಮಹಿಳೆಯರನ್ನೇ ವಿಚಾರಿಸಿದರು. ಅವರು ಹೇಳಿದ ಹೆಸರಿನಲ್ಲೇ ಕಾರಣವೂ ಅಡಗಿತ್ತು. ಹಾಲು ಬಿಡಿಸಿದ ಮಗುವಿಗೆ ಸಿಗುತ್ತಿದ್ದುದು ಮೆಕ್ಕೆಜೋಳದ ಗಂಜಿ ಮಾತ್ರ.

1933ರಲ್ಲಿ ಅವರು ಈ ಕುರಿತು ಲೇಖನ ಪ್ರಕಟಿಸಿದರು. 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಗಾ ಜನರ ಹೆಸರನ್ನೇ ರೋಗಕ್ಕೆ ಬಳಸಿದರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೇಕೆಂದಾಗಲೆಲ್ಲ ಹಾಲೂಡಿಸುವ ಆಫ್ರಿಕಾದ ತಾಯಂದಿರ ಪದ್ಧತಿಯನ್ನು ಅವರು ಮೆಚ್ಚಿದ್ದರು. ಆದರೆ ಮೇಲಧಿಕಾರಿಯೊಂದಿಗಿನ ಭಿನ್ನಾಭಿಪ್ರಾಯದ ನಂತರ 1936ರಲ್ಲಿ ಅವರನ್ನು ಮಲಯಾಕ್ಕೆ ವರ್ಗಾಯಿಸಲಾಯಿತು.

ಹಾಲಿನ ಡಬ್ಬಿಯ ವಿರುದ್ಧ

ಮಲಯಾದಲ್ಲಿ ಎದುರಾದದ್ದು ಬೇರೊಂದು ಸಮಸ್ಯೆ. ದಾದಿಯರಂತೆ ಉಡುಪು ಧರಿಸಿದ ಮಾರಾಟಗಾರ್ತಿಯರು, ಸಕ್ಕರೆ ಬೆರೆಸಿದ ಡಬ್ಬಿ ಹಾಲೇ ಶಿಶುವಿಗೆ ಶ್ರೇಷ್ಠವೆಂದು ಬಾಣಂತಿಯರನ್ನು ನಂಬಿಸುತ್ತಿದ್ದರು. 1939ರಲ್ಲಿ ಸಿಂಗಪುರದ ರೋಟರಿ ಸಭೆಯಲ್ಲಿ ‘ಮಿಲ್ಕ್ ಅಂಡ್ ಮರ್ಡರ್’ ಎಂಬ ಉಪನ್ಯಾಸ ನೀಡಿದ ಸಿಸಿಲಿ, ಇಂಥ ಪ್ರಚಾರದಿಂದಾಗುವ ಶಿಶುಮರಣವನ್ನು ಕೊಲೆಯೆಂದೇ ಪರಿಗಣಿಸಬೇಕೆಂದು ಪ್ರತಿಪಾದಿಸಿದರು.

ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೇನೆ ಸಿಂಗಪುರವನ್ನು ವಶಪಡಿಸಿಕೊಂಡಾಗ ಅವರು ಚಾಂಗಿ ಸೆರೆಮನೆ ಸೇರಿದರು. ಸೇನಾ ಪೊಲೀಸರ ವಿಚಾರಣೆಯನ್ನೂ ಎದುರಿಸಿದರು. ಬೆರಿಬೆರಿ ಅವರ ಪಾದಗಳ ಸ್ಪರ್ಶಜ್ಞಾನವನ್ನು ಕಸಿಯಿತು. ಆ ಸೆರೆಯಲ್ಲೂ ಹುಟ್ಟಿದ ಇಪ್ಪತ್ತು ಶಿಶುಗಳು ಎದೆಹಾಲು ಕುಡಿದೇ ಬದುಕುಳಿದವೆಂದು ಅವರು ಮುಂದೆ ಸ್ಮರಿಸುತ್ತಿದ್ದರು.

1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮೊದಲ ಮುಖ್ಯಸ್ಥೆಯಾದರು. ನಂತರ ಹಲವು ದೇಶಗಳಲ್ಲಿ ಬೋಧಿಸಿದರು. ರೋಗ ತಡೆ ಮತ್ತು ಚಿಕಿತ್ಸೆ ಒಂದೇ ಸೂರಿನಡಿ ನಡೆಯಬೇಕು, ಮನೆಯ ಸ್ಥಿತಿಗತಿ ಅರಿಯದೆ ಮಗುವನ್ನು ಗುಣಪಡಿಸಲಾಗದು ಎಂಬುದು ಅವರ ನಿಲುವಾಗಿತ್ತು.

ಕ್ವಾಶಿಯೋರ್ಕರ್‌ಗೆ ಪ್ರೋಟೀನ್ ಕೊರತೆಯೊಂದೇ ಕಾರಣವಲ್ಲ ಎಂದು ಆನಂತರದ ಸಂಶೋಧನೆಗಳು ತಿಳಿಸಿವೆ. ಮಲಾವಿಯ ಅವಳಿ ಮಕ್ಕಳ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನ, ಕರುಳಿನ ಸೂಕ್ಷ್ಮಜೀವಿಗಳ ಪಾತ್ರವನ್ನೂ ಗುರುತಿಸಿತು. ಆದರೆ ಡಬ್ಬಿ ಹಾಲಿನ ಬಗ್ಗೆ ಅವರು ನೀಡಿದ ಎಚ್ಚರಿಕೆ ಹುಸಿಯಾಗಲಿಲ್ಲ. ಎದೆಹಾಲಿನ ಬದಲಿ ಆಹಾರಗಳ ಮಾರಾಟ ಪ್ರಚಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆ 1981ರಲ್ಲಿ ರೂಪುಗೊಂಡಿತು. ಭಾರತ ಇದೇ ಉದ್ದೇಶದ ಕಾಯ್ದೆಯನ್ನು 1992ರಲ್ಲಿ ತಂದಿತು. ಅದೇ ವರ್ಷ, 98ನೇ ವಯಸ್ಸಿನಲ್ಲಿ, ಸಿಸಿಲಿ ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು.